ಒಂದು ನಗ, ಮೂವತ್ತು ಕೆ.ಜಿ.

ನಾಗಮಂಗಲದಲ್ಲಿ ಎರಕ ಹೊಯ್ಯಿಸಿದ ಕಂಚಿನ ಗಂಟೆಯೊಂದು ಇದೆ ಎಂದಿಟ್ಟುಕೊಳ್ಳಿ. ಬಾಯಗಲ ಒಂದಡಿಯೊಳಗೆ, ತೂಕ 18 ಕೆ.ಜಿ. ಮುಂಬೈಯಲ್ಲಿ ನೆಲೆಸಿದ ಊರಿನವರು ಅಲ್ಲಿನ ಗುಡಿಗೆಂದು ಹೇಳಿ ಮಾಡಿಸಿದ್ದು. ಕಂಕುಳಲ್ಲಿ ಅವುಚಿಕೊಳ್ಳುವ ಗಾತ್ರವೇ, ಆದರೆ ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ತೋಳು ಸೋಲುತ್ತದೆ. ಕೊರಿಯರ್ ಅಂಗಡಿಯ ತಕ್ಕಡಿಯ ಮೇಲಿಟ್ಟರೆ ಅವರು ಹೇಳುವ ರೇಟು ಕೇಳಿ, ‘ಇಷ್ಟಕ್ಕೆ ನಾನೇ ಹೋಗಿ ಕೊಟ್ಟು ಬರಬಹುದಲ್ಲ’ ಅನ್ನಿಸುತ್ತದೆ. ಎಷ್ಟು ಸಲ ಲೆಕ್ಕ ಹಾಕಿದರೂ ಅದೇ ಸರಿ ಬರುತ್ತದೆ.

ಗಂಟೆ ಒಂದೇ ಅಲ್ಲ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಮನೆಗಳಿಂದ ದೂರದೂರಿಗೆ ಹೋಗುವ ಸಾಮಾನಿನಲ್ಲಿ ಈ ಜಾತಿಯದು ಬೇಕಾದಷ್ಟಿದೆ. ಆಲೆಮನೆಯ ಬೆಲ್ಲ, ರುಬ್ಬುಗುಂಡು, ಕಲ್ಲಿನ ಕುಟ್ಟಾಣಿ, ಪಂಚಲೋಹದ ಮೂರ್ತಿ, ಅಜ್ಜಿ ಕಾಲದ ಹಿತ್ತಾಳೆ ಹಂಡೆ, ಸುಟ್ಟುಹೋದ ಪಂಪ್‌ಸೆಟ್ ಮೋಟಾರು, ಪುಸ್ತಕದ ಕಟ್ಟು. ಹೋಗುವ ಊರುಗಳೂ ಹತ್ತಿರದವಲ್ಲ. ಕೆ.ಆರ್.ಪೇಟೆ, ನಾಗಮಂಗಲದ ಕಡೆಯವರಿಗೆ ಮುಂಬೈ ಎಷ್ಟು ಬಳಕೆಯ ಊರೆಂಬುದು 2020ರ ಮೇ ತಿಂಗಳಲ್ಲಿ ಇಡೀ ರಾಜ್ಯಕ್ಕೆ ಗೊತ್ತಾಯಿತು. ಲಾಕ್‌ಡೌನ್‌ನಲ್ಲಿ ಅಲ್ಲಿಂದ ಮರಳಿದವರಿಂದಾಗಿ ಈ ತಾಲ್ಲೂಕುಗಳ ಹೆಸರು ದಿನವೂ ಸುದ್ದಿಯಲ್ಲಿತ್ತು. ಆಗ ಕೆ.ಆರ್.ಪೇಟೆಯ ಶಾಸಕರೂ ಸಚಿವರೂ ಆಗಿದ್ದ ಕೆ.ಸಿ. ನಾರಾಯಣಗೌಡರೇ ಮುಂಬೈಯಲ್ಲಿ ಹೋಟೆಲ್ ನಡೆಸಿ ಊರಿಗೆ ಬಂದವರು.

ಲಾರಿ ಆಫೀಸು, ಬಸ್ ಸ್ಟ್ಯಾಂಡು, ಪಾರ್ಸೆಲ್ ಕಚೇರಿ ಎಲ್ಲಿ ವಿಚಾರಿಸಿದರೂ ಕೊನೆಗೆ ಒಂದೇ ಸಂಗತಿಗೆ ಬಂದು ನಿಲ್ಲುತ್ತದೆ. ಚಿಕ್ಕದಾದ, ಭಾರವಾದ ಸಾಮಾನಿಗೆ ದುಡ್ಡು ಹಿಡಿಯುವುದು ಅದನ್ನು ಎತ್ತುವಲ್ಲಿ, ಇಳಿಸುವಲ್ಲಿ, ಕೊನೆಯ ಎರಡು ಕಿಲೋಮೀಟರ್ ಮುಟ್ಟಿಸುವಲ್ಲಿ. ನಡುವಿನ ಸಾವಿರ ಕಿಲೋಮೀಟರ್ ಹೆಚ್ಚುಕಮ್ಮಿ ಪುಕ್ಕಟೆ. ಆ ದಾರಿಯಲ್ಲಿ ಲಾರಿ, ರೈಲು ಹೇಗೂ ಓಡುತ್ತಲೇ ಇರುತ್ತವೆ.

ಶ್ರೀರಂಗಪಟ್ಟಣದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರು–ಮೈಸೂರು ರೈಲು ಮಾರ್ಗ ಜೋಡಿ ಹಳಿಯಾಗುವಾಗ ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದು ಸರಿಯಾಗಿ ದಾರಿಗೆ ಅಡ್ಡ ಸಿಕ್ಕಿತು. ಕೆಡವುವಂತಿಲ್ಲ, ಬಿಡುವಂತಿಲ್ಲ. 2017ರಲ್ಲಿ ಸುಮಾರು 1,000 ಟನ್ ತೂಕದ ಆ ಇಟ್ಟಿಗೆ ಕಟ್ಟಡವನ್ನು ಬುಡಸಮೇತ ಜಾಕ್‌ಗಳ ಮೇಲೆತ್ತಿ ಪಕ್ಕಕ್ಕೆ ಸರಿಸಿದರು. ಅದು ಹೋದ ದೂರ ನೂರು ಮೀಟರಿಗಿಂತ ಸ್ವಲ್ಪ ಹೆಚ್ಚು, ಆದ ಖರ್ಚು ಕೋಟಿಗಳಲ್ಲಿ. ಎತ್ತುವುದಕ್ಕೆ, ಕೂರಿಸುವುದಕ್ಕೆ ತಿಂಗಳುಗಟ್ಟಲೆ ತಯಾರಿ ಬೇಕಾಯಿತು. ಸರಿದದ್ದು ಅದಕ್ಕೆ ಹೋಲಿಸಿದರೆ ಚಿಟಿಕೆ ಹೊಡೆದಷ್ಟು ಹೊತ್ತು.

ಇನ್ನೊಂದು ಹಳೆಯ ಲೆಕ್ಕವೂ ಇದೇ ಹೊಳೆಯ ದಡದ್ದು. 1791ರ ಮೇ ತಿಂಗಳಲ್ಲಿ ಅರಕೆರೆಯ ಬಳಿ ಟಿಪ್ಪುವಿನ ಸೈನ್ಯದೊಂದಿಗೆ ಕಾದಾಡಿ ಗೆದ್ದರೂ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಕೋಟೆಗೆ ಮುತ್ತಿಗೆ ಹಾಕಲಾಗಲಿಲ್ಲ. ಕೋಟೆ ಒಡೆಯುವ ದೊಡ್ಡ ಫಿರಂಗಿಗಳೇನೋ ಕನ್ನಂಬಾಡಿಯವರೆಗೆ ಬಂದಿದ್ದವು. ಎಳೆಯುವ ಎತ್ತುಗಳು ಮೇವಿಲ್ಲದೆ, ರೋಗ ಬಡಿದು ಸತ್ತಿದ್ದವು. ಮಳೆ ಬೇರೆ ಹಿಡಿದಿತ್ತು. ಅಷ್ಟು ದೂರ ಹೊತ್ತು ತಂದ ಫಿರಂಗಿಗಳನ್ನು ತಾವೇ ಒಡೆದು ಹಾಕಿ ಹಿಂದಕ್ಕೆ ಹೊರಟರು. ದಾರಿಯಲ್ಲಿ ಮೇಲುಕೋಟೆ ಕಡೆ ಮರಾಠರ ದಂಡು ಎದುರಾಗಿ ಸೇರಿಕೊಂಡಿತು, ಅದರ ಜೊತೆಗೆ ದವಸದ ಬಜಾರೂ ಬಂತು. ಮುಂದಿನ ವರ್ಷ ಕಾರ್ನ್‌ವಾಲಿಸ್ ಮತ್ತೆ ಬಂದಾಗ ದವಸ ಹೊತ್ತು ತಂದವರು ಲಂಬಾಣಿಗಳು, ಸಾವಿರಾರು ಹೇರೆತ್ತುಗಳ ಮೇಲೆ. ಲಂಬಾಣಿಗಳ ರೂಢಿಯೇ ಹಾಗೆ: ಕರಾವಳಿಯಿಂದ ಉಪ್ಪು ಹೇರಿಕೊಂಡು ಮೇಲಕ್ಕೆ, ಬಯಲಿನಿಂದ ಧಾನ್ಯ ಹೇರಿಕೊಂಡು ಕೆಳಕ್ಕೆ. ಎತ್ತು ಬರಿಬೆನ್ನಲ್ಲಿ ನಡೆಯುವ ಪ್ರಶ್ನೆಯೇ ಇರಲಿಲ್ಲ. ಇವತ್ತಿನ ರಿಟರ್ನ್ ಲಾರಿಯ ಡ್ರೈವರ್ ಮಾಡುವುದೂ ಅದನ್ನೇ. ಅಗ್ಗದ ಸಾಗಣೆ ಬೇಕಿದ್ದವರು ಮೊದಲು ಹುಡುಕಬೇಕಾದದ್ದು, ನಮ್ಮ ಊರ ಮೇಲೆ ಖಾಲಿ ಹಾದುಹೋಗುವ ಗಾಡಿ ಯಾವುದು ಎಂಬುದನ್ನು.

ತೂಕದ ಲೆಕ್ಕ, ಜಾಗದ ಲೆಕ್ಕ, ನಗದ ಲೆಕ್ಕ

ಸಾಗಣೆಯವರು ದುಡ್ಡು ಕೇಳುವುದು ಮೂರು ಬಗೆಯಲ್ಲಿ. ಒಂದು ಲೀಟರ್ ಜಾಗದಲ್ಲಿ ಕಂಚು ತುಂಬಿದರೆ ಸುಮಾರು 8.7 ಕೆ.ಜಿ. ತೂಗುತ್ತದೆ. ಅಷ್ಟೇ ಜಾಗದಲ್ಲಿ ನಮ್ಮ ಕಗ್ಗಲ್ಲು ಸುಮಾರು 2.7 ಕೆ.ಜಿ. ಹತ್ತಿಯ ದಿಂಬು ಅದರ ಹತ್ತಿರವೂ ಬರುವುದಿಲ್ಲ. ಕೊರಿಯರ್‌ನವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ಮತ್ತು ತಕ್ಕಡಿಯ ತೂಕ ಎರಡರಲ್ಲಿ ಯಾವುದು ದೊಡ್ಡದೋ ಅದಕ್ಕೆ ದುಡ್ಡು. ನಮ್ಮ ಗಂಟೆಯನ್ನು 35 ಸೆಂ.ಮೀ. ಚೌಕದ ಪೆಟ್ಟಿಗೆಯಲ್ಲಿಟ್ಟರೆ ಜಾಗದ ಲೆಕ್ಕ 8.6 ಕೆ.ಜಿ., ತಕ್ಕಡಿಯಲ್ಲಿ 18. ಪೆಟ್ಟಿಗೆ, ಮೆತ್ತೆ ಸೇರಿ 20 ಎನ್ನಿ. ದಿಂಬು ಕಳಿಸುವವನು ಜಾಗಕ್ಕೆ ತೆರುತ್ತಾನೆ, ಗಂಟೆ ಕಳಿಸುವವನು ಭಾರಕ್ಕೆ ತೆರುತ್ತಾನೆ. ಕೊರಿಯರ್‌ನಲ್ಲಿ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಅದರಲ್ಲೂ ವಿಮಾನದಲ್ಲಿ ಹೋಗುವ ಮಾಲಿಗೆ ಗ್ರಾಂ ಗ್ರಾಮಿಗೂ ಬೆಲೆ. ಎರಡು ದಿನದಲ್ಲಿ ಮುಟ್ಟಬೇಕಾದ ತುರ್ತು ರುಬ್ಬುಗುಂಡಿಗೆ ಯಾವ ಜನ್ಮಕ್ಕೂ ಇರುವುದಿಲ್ಲವಾದ್ದರಿಂದ, ‘ಏರ್’ ಎಂಬ ಮಾತು ಬಂದ ಕೂಡಲೇ ‘ಸರ್ಫೇಸ್ ಸಾಕು’ ಎಂದುಬಿಡುವುದು ಒಳ್ಳೆಯದು.

ಜಾಗ ನೋಡಿ ಕೇಳುವವರು, ನಗ ಎಣಿಸಿ ಕೇಳುವವರು ಸಿಕ್ಕರೆ ನಮ್ಮ ಪುಣ್ಯ. ಲಾರಿ ಆಫೀಸಿನ ಭಾಷೆಯಲ್ಲಿ ಮೂಟೆಯಾಗಲಿ, ಡಬ್ಬಿಯಾಗಲಿ, ಮೂರ್ತಿಯಾಗಲಿ ಎಲ್ಲವೂ ‘ನಗ’. ಒಂದು ನಗ, ಎರಡು ನಗ. ಚಿಕ್ಕ ಸಾಮಾನಿಗೆ ಅವರು ತಕ್ಕಡಿ ಹತ್ತಿಸುವ ಗೋಜಿಗೆ ಹೋಗದೆ, ಕಣ್ಣಂದಾಜಿನಲ್ಲಿ ಕನಿಷ್ಠ ಬಾಡಿಗೆ ಬರೆದುಬಿಡುವುದುಂಟು. ಆ ಕನಿಷ್ಠ ಬಾಡಿಗೆಯೊಳಗೆ 10 ಕೆ.ಜಿ.ಯೂ ಹೋಗುತ್ತದೆ, 30 ಕೆ.ಜಿ.ಯೂ ಹೋಗುತ್ತದೆ. ಹಾಗಾಗಿ ಲಾರಿಗೆ ಹಾಕುವವರು ಒಂದೇ ಒಂದು ಕುಟ್ಟಾಣಿ ಕಳಿಸುವುದಕ್ಕಿಂತ, ಅಕ್ಕನ ಮನೆಗೆ ಹೋಗಬೇಕಾದ ಬೆಲ್ಲ, ರಾಗಿ, ಹಂಡೆ ಎಲ್ಲ ಕೂಡಿಸಿ ಒಂದೇ ನಗ ಮಾಡುವುದು ಜಾಣತನ. ಒಬ್ಬ ಹಮಾಲಿ ಒಂದು ಸಲಕ್ಕೆ ಎತ್ತುವಷ್ಟಿರಬೇಕು, ಅದಕ್ಕಿಂತ ಹೆಚ್ಚಾಗಬಾರದು. ಇಬ್ಬರು ಹಿಡಿಯಬೇಕಾಯಿತೆಂದರೆ ಲೆಕ್ಕ ತಲೆಕೆಳಗಾಗುತ್ತದೆ.

ಲಾರಿ ರಸೀದಿಯಲ್ಲಿ ನೋಡಿಕೊಳ್ಳಬೇಕಾದ ಸಂಗತಿಗಳು ಹೆಚ್ಚಿಲ್ಲ. ‘ಪೇಯ್ಡ್’ ಎಂದು ಬರೆದಿದ್ದಾರೋ ‘ಟು ಪೇ’ ಎಂದೋ. ಟು ಪೇ ಆದರೆ ಬಾಡಿಗೆ ಕೊಡುವವರು ಆ ಕಡೆಯವರು. ಅಕ್ಕನಿಗೆ ಬೆಲ್ಲ ಕಳಿಸಿ ಬಾಡಿಗೆಯನ್ನೂ ಅವಳ ತಲೆಗೆ ಕಟ್ಟಿದರೆ ಹಬ್ಬದ ಮನೆಯಲ್ಲಿ ಮಾತು ಬೆಳೆಯುತ್ತದೆ. ಆಮೇಲೆ ಗೋಡೌನ್ ಡೆಲಿವರಿಯೋ, ಡೋರ್ ಡೆಲಿವರಿಯೋ. ಬೆಂಗಳೂರಿನಿಂದ ಪುಣೆಗೆ ಆದ ಬಾಡಿಗೆಯಷ್ಟೇ ಹಣವನ್ನು ಪುಣೆಯ ಗೋಡೌನ್‌ನಿಂದ ಮೂರನೇ ಮಹಡಿಯ ಮನೆಗೆ ಕೊಡಬೇಕಾಗಬಹುದು. ಸಾಮಾನಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು. ಬೆಲ್ಲಕ್ಕೆ ಆ ಚಿಂತೆ ಇಲ್ಲ, ಪಂಚಲೋಹದ ಮೂರ್ತಿಗೆ ಇದೆ.

ಬೇರೆ ಬೇರೆ ಊರಿಗೆ ಹೋಗುವ ಮಾಲನ್ನು ಒಂದೇ ಗಾಡಿಯಲ್ಲಿ ತುಂಬಿ, ದಾರಿಯಲ್ಲಿ ವಿಂಗಡಿಸಿ ಮುಟ್ಟಿಸುವ ಈ ವ್ಯಾಪಾರವನ್ನು ಕರ್ನಾಟಕದಲ್ಲಿ ದೊಡ್ಡದಾಗಿ ಬೆಳೆಸಿದವರು ವಿಜಯ ಸಂಕೇಶ್ವರ. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರುಮಾಡಿದ್ದು ವಿಆರ್‌ಎಲ್ ಆಯಿತು. ಅವರ ಹಾಗೂ ಅವರಂಥ ಇತರರ ಬುಕಿಂಗ್ ಕಚೇರಿಗಳು ಮೈಸೂರಿನಲ್ಲಿ ಸಿಗುತ್ತವೆ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಅದು ಕೈಯಳತೆ. ನಾಗಮಂಗಲದವರಿಗೆ ಬೆಳ್ಳೂರು ಕ್ರಾಸ್ ಮೇಲೆ ಬೆಂಗಳೂರು–ಮಂಗಳೂರು ಹೆದ್ದಾರಿಯ ಲಾರಿಗಳು ಹಗಲು ರಾತ್ರಿ ಓಡುತ್ತವೆ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಮುಂಬೈ, ದೆಹಲಿ ಕಡೆಗೆ ಹೊರಡುವ ಲಾರಿಗಳಂತೂ ಇಡೀ ಜಿಲ್ಲೆಗೆ ಗೊತ್ತಿರುವವೇ. ಪರಿಚಯದ ಡ್ರೈವರ್ ಇದ್ದರೆ ಎಳನೀರಿನ ನಡುವೆ ಗಂಟೆಯೂ ಹೋಗುತ್ತದೆ. ಅದಕ್ಕೆ ರಸೀದಿ ಇರುವುದಿಲ್ಲ, ನಂಬಿಕೆ ಇರುತ್ತದೆ. ಬೆಲೆಬಾಳುವ ಮೂರ್ತಿಯನ್ನು ಹಾಗೆ ಕಳಿಸಿ ಎಂದು ನಾನಂತೂ ಹೇಳಲಾರೆ.

ಶೂನ್ಯ ಟಿಕೆಟ್ಟಿನ ರುಬ್ಬುಗುಂಡು

ರಾಜ್ಯದೊಳಗಾದರೆ ಬಸ್ಸಿನಷ್ಟು ಅಗ್ಗದ ದಾರಿ ಬೇರೆ ಇಲ್ಲ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಒಬ್ಬ ಪ್ರಯಾಣಿಕ 30 ಕೆ.ಜಿ.ವರೆಗೆ ಲಗೇಜನ್ನು ಪುಕ್ಕಟೆ ಒಯ್ಯಬಹುದು, ಮಕ್ಕಳಾದರೆ 15. ಇದರ ಜೊತೆಗೆ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದೊಳಗಿನ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಎರಡನ್ನೂ ಕೂಡಿಸಿದರೆ ಏನಾಗುತ್ತದೆ ಎಂಬುದನ್ನು ಸರ್ಕಾರ ಯೋಚಿಸಿತ್ತೋ ಇಲ್ಲವೋ, ನಮ್ಮ ಕಡೆಯ ಹೆಣ್ಣುಮಕ್ಕಳು ಯೋಚಿಸಿದರು.

ಕೆ.ಆರ್.ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸಿಗೆ ಗೋಣಿಚೀಲವೊಂದು ಹತ್ತಿತು. ನೆಲಕ್ಕೆ ಇಟ್ಟ ಸದ್ದಿಗೇ ಕಂಡಕ್ಟರ್ ತಿರುಗಿ ನೋಡಿದ.

‘ಏನವ್ವ ಇದು, ಕಲ್ಲಾ?’

‘ಗುಂಡು ಕಣಪ್ಪ. ಮಗಳ ಮನೆಗೆ. ಅಲ್ಲಿ ಮಿಕ್ಸಿ ಚಟ್ನಿ ಬಾಯಿಗಿಡಕಾಯ್ತಿಲ್ವಂತೆ.’

‘ಲಗೇಜಾಯ್ತದೆ.’

‘ತೂಕ ಹಾಕ್ಸು. ಇಪ್ಪತ್ತೆಂಟೈತೆ. ಮೂವತ್ತರಗಂಟ ಬುಟ್ಟಿದ್ದೀರಲ್ಲ?’

ರೇಷನ್ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡೇ ಬಂದಿದ್ದಳು ಆಕೆ. ಕಂಡಕ್ಟರ್ ಮರುಮಾತಾಡದೆ ಶೂನ್ಯ ಟಿಕೆಟ್ ಹರಿದು ಕೊಟ್ಟು, ಚೀಲವನ್ನು ಕಾಲಿನಿಂದ ಸೀಟಿನಡಿ ತಳ್ಳಲು ನೋಡಿ, ಬೆರಳು ಹಿಡಿದುಕೊಂಡ. 28 ಕೆ.ಜಿ. ಕಲ್ಲು ನೂರೈವತ್ತು ಕಿಲೋಮೀಟರಿನ ಮೇಲೆ ನಯಾಪೈಸೆ ಇಲ್ಲದೆ ಹೋಯಿತು. ಯಶವಂತಪುರದಲ್ಲಿ ಇಳಿದ ಮೇಲೆ ಆಟೋದವನು ಏನು ಕೇಳಿದನೋ, ಅಲ್ಲಿಂದಾಚೆಗಿನದು ಬೆಂಗಳೂರಿನ ಲೆಕ್ಕ.

ಜೊತೆಗೆ ಹೋಗುವವರಿಲ್ಲದಿದ್ದರೆ ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ ಇದೆ. 2021ರ ಫೆಬ್ರುವರಿ 26ರಂದು ಶುರುವಾದದ್ದು. ಬಸ್ಸಿನ ಹೊಟ್ಟೆಯಲ್ಲಿ ಪಾರ್ಸೆಲ್ ಒಯ್ಯುತ್ತಾರೆ, 2023ರ ಡಿಸೆಂಬರಿನಿಂದ ಅದಕ್ಕೆಂದೇ ಲಾರಿಗಳನ್ನೂ ಇಳಿಸಿದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ಕೊಟ್ಟು ಬಸ್ ಸ್ಟ್ಯಾಂಡಿನಲ್ಲಿ ತೆಗೆದುಕೊಳ್ಳುವ ಏರ್ಪಾಡು. ಎರಡು ಕೊನೆಯ ಹೊರೆಯನ್ನು ನಾವೇ ಹೊತ್ತುಕೊಂಡರೆ ನಡುವಿನ ದರ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಡ. ಮುಂಬೈಗೆ ಹೋಗುವ ಖಾಸಗಿ ರಾತ್ರಿ ಬಸ್ಸುಗಳ ಡಿಕ್ಕಿಯೂ ಹೀಗೆಯೇ ದುಡಿಯುತ್ತದೆ. ಅಲ್ಲಿ ಎಲ್ಲವೂ ನಗದ ಲೆಕ್ಕ, ಕ್ಲೀನರಿನ ಮುಖ ನೋಡಿ ಚೌಕಾಸಿ. ಒಂದು ಎಚ್ಚರಿಕೆ ಮಾತ್ರ: ಡಿಕ್ಕಿಯೊಳಗೆ ಎಂಜಿನ್ನಿನ ಕಾವು ತಾಗುವ ಮೂಲೆಯಲ್ಲಿ ಬೆಲ್ಲ ಇಟ್ಟರೆ, ಹೊರಡುವಾಗ ಅಚ್ಚುಬೆಲ್ಲವಾಗಿದ್ದದ್ದು ಇಳಿಯುವಾಗ ಪಾಕ.

ರೈಲಿನ ವಿಚಾರಕ್ಕೆ ಬಂದರೆ, ತೂಕಕ್ಕೆ ಅದಕ್ಕಿಂತ ದೊಡ್ಡ ಮನಸ್ಸು ಇನ್ಯಾವುದಕ್ಕೂ ಇಲ್ಲ. ಸ್ಲೀಪರ್ ಟಿಕೆಟ್ ಇದ್ದವರು 40 ಕೆ.ಜಿ., ಸೆಕೆಂಡ್ ಕ್ಲಾಸಿನವರು 35 ಕೆ.ಜಿ. ಪುಕ್ಕಟೆ ಒಯ್ಯಬಹುದು. ಮೈಸೂರಿನಿಂದ ದಾದರ್‌ಗೆ ಹೋಗುವ ಶರಾವತಿ ಎಕ್ಸ್‌ಪ್ರೆಸ್‌ನಲ್ಲಿ ಊರಿನವರೊಬ್ಬರು ಹೊರಟಿದ್ದರೆ ನಮ್ಮ 18 ಕೆ.ಜಿ. ಗಂಟೆ ಅವರ ಬರ್ತಿನಡಿ ಸುಖವಾಗಿ ಮುಂಬೈ ಕಾಣುತ್ತದೆ. ಅವರಿಗೆ ದಾದರ್ ನಿಲ್ದಾಣದಲ್ಲಿ ಕೂಲಿಯ ದುಡ್ಡನ್ನೂ ಊಟದ ದುಡ್ಡನ್ನೂ ಕೊಟ್ಟರೂ ಕೊರಿಯರ್‌ಗಿಂತ ಎಷ್ಟೋ ಕಡಿಮೆ.

ಆದರೆ ಆಳಿಲ್ಲದ ಪಾರ್ಸೆಲ್ ಕಳಿಸಲು ರೈಲು ಹತ್ತಿರದವರಿಗೂ ದೂರವೇ. ಪಾಂಡವಪುರ, ಹಿಂದೆ ಫ್ರೆಂಚ್ ರಾಕ್ಸ್, ಊರಿನವರ ಬಾಯಲ್ಲಿ ಹಿರೋಡೆ, ಬೆಂಗಳೂರು–ಮೈಸೂರು ಮಾರ್ಗದಲ್ಲೇ ಇದೆ, ಶ್ರೀರಂಗಪಟ್ಟಣವೂ ಇದೆ. ಕೆ.ಆರ್.ಪೇಟೆ ತಾಲ್ಲೂಕಿಗೆ ಮೈಸೂರು–ಅರಸೀಕೆರೆ ಹಳಿಯ ಮೇಲಿನ ಅಕ್ಕಿಹೆಬ್ಬಾಳು ಉಂಟು. ನಾಗಮಂಗಲ ತಾಲ್ಲೂಕಿಗೆ 2017ರಲ್ಲಿ ಬೆಂಗಳೂರು–ಹಾಸನ ಮಾರ್ಗ ತೆರೆದಾಗ ಬಿ.ಜಿ.ನಗರ ನಿಲ್ದಾಣ ಸಿಕ್ಕಿತು. ಆದರೆ ಇಂಥ ಕಡೆ ಒಂದೆರಡು ನಿಮಿಷ ನಿಂತು ಹೊರಡುವ ಗಾಡಿಯ ಬ್ರೇಕ್ ವ್ಯಾನಿಗೆ ಯಾರು ಮಾಲು ಹೇರಿಯಾರು? ಪಾರ್ಸೆಲ್ ಬುಕ್ ಮಾಡಲು ಗಾಡಿ ಹುಟ್ಟುವ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ಆ ಕಡೆ ಇಳಿದ ಮೇಲೂ ಹೇಳಿದ ಗಡುವಿನೊಳಗೆ ಬಿಡಿಸಿಕೊಳ್ಳದಿದ್ದರೆ ಗಂಟೆಗಿಷ್ಟು ಎಂದು ವಾರ್ಫೇಜ್ ಬೆಳೆಯುತ್ತದೆ. ಮದುವೆಗೆ ಬಂದ ಹಂಡೆಗಿಂತ ಅದನ್ನು ಬಿಡಿಸಿದ ದಂಡವೇ ಹೆಚ್ಚಾಯಿತು ಎಂದು ಗೊಣಗುವವರು ಎಲ್ಲ ಊರಲ್ಲೂ ಇದ್ದಾರೆ.

ಅಂಚೆ ಹುಟ್ಟಿದ ಊರು

ಶ್ರೀರಂಗಪಟ್ಟಣದಿಂದ ಆಳಿದ ಚಿಕ್ಕದೇವರಾಜ ಒಡೆಯರ್ 17ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಅಂಚೆ ಮೈಸೂರು ಸಂಸ್ಥಾನದ ಸ್ವಂತ ಟಪ್ಪಾಲು. ಓಲೆ ಮುಟ್ಟಿಸುವುದರ ಜೊತೆಗೆ ಊರೂರ ಸುದ್ದಿ ಅರಸನ ಕಿವಿಗೆ ಹಾಕುವುದೂ ಅದರ ಕೆಲಸವಾಗಿತ್ತು. 1889ರಲ್ಲಿ ಅದು ಬ್ರಿಟಿಷರ ಅಂಚೆಯೊಳಗೆ ಸೇರಿಹೋಯಿತು. ಹೀಗೆ ಅಂಚೆಗೂ ಈ ಊರಿಗೂ ಹಳೆಯ ನಂಟು. ಆದರೆ ಭಾರದ ಸಾಮಾನೆಂದರೆ ನಮ್ಮ ಜನಕ್ಕೆ ಅಂಚೆ ನೆನಪೇ ಆಗುವುದಿಲ್ಲ. ಆಗಬೇಕು. ದೇಶದೊಳಗೆ 35 ಕೆ.ಜಿ.ವರೆಗಿನ ಕಟ್ಟನ್ನು ಅಂಚೆ ಒಯ್ಯುತ್ತದೆ. ಕೊರಿಯರ್‌ನವರು ‘ಔಟ್ ಆಫ್ ಡೆಲಿವರಿ ಏರಿಯಾ’ ಎಂದು ಕೈ ಚೆಲ್ಲುವ ಹಳ್ಳಿಗೂ ಅದಕ್ಕೆ ದಾರಿ ಗೊತ್ತು. ಮುಂಬೈಯಿಂದ ಕಿಕ್ಕೇರಿಯ ಪಕ್ಕದ ಹಳ್ಳಿಗೆ ಏನಾದರೂ ಬರಬೇಕಿದ್ದರೆ ಅಂಚೆಯೇ ಗಟ್ಟಿ. ಆದರೂ 30 ಕೆ.ಜಿ. ಮೂಟೆಯನ್ನು ಗ್ರಾಮೀಣ ಡಾಕ್ ಸೇವಕರು ತಮ್ಮ ಸೈಕಲ್ಲಿನ ಮೇಲೆ ಹೊತ್ತು ತರಲಿ ಎಂದು ಕಾಯುವುದು ನ್ಯಾಯವಲ್ಲ. ಟ್ರ್ಯಾಕಿಂಗ್ ನೋಡಿಕೊಂಡು ಹೋಬಳಿಯ ಅಂಚೆ ಕಚೇರಿಗೆ ನಾವೇ ಹೋಗಿ ಬಿಡಿಸಿಕೊಂಡರೆ ಇಬ್ಬರಿಗೂ ಹಿತ.

ಪುಸ್ತಕಗಳಿಗಂತೂ ಅಂಚೆಯಷ್ಟು ಅಗ್ಗ ಮತ್ತೊಂದಿಲ್ಲ. ಕಾಗದದ ಭಾರ ಗೊತ್ತಾಗಬೇಕಾದರೆ ಮನೆ ಬದಲಿಸಬೇಕು. ಪುಸ್ತಕ ತುಂಬಿದ ಚಿಕ್ಕ ಡಬ್ಬಿ ಬೀರುವಿನಷ್ಟೇ ಹಠ ಮಾಡುತ್ತದೆ. 2025ರ ಮೇ 1ರಿಂದ ಅಂಚೆ ಇಲಾಖೆ ‘ಜ್ಞಾನ ಪೋಸ್ಟ್’ ಎಂಬುದನ್ನು ತಂದಿದೆ. ಶಿಕ್ಷಣ, ಸಂಸ್ಕೃತಿ, ಧರ್ಮಕ್ಕೆ ಸಂಬಂಧಿಸಿದ ಅಚ್ಚಾದ ಪುಸ್ತಕಗಳಿಗೆ ಮಾತ್ರ. 300 ಗ್ರಾಂಗೆ 20 ರೂಪಾಯಿಯಿಂದ ಶುರುವಾಗಿ 5 ಕೆ.ಜಿ.ಗೆ 100 ರೂಪಾಯಿ, ತೆರಿಗೆ ಬೇರೆ. ದೇಶದ ಯಾವ ಮೂಲೆಗಾದರೂ ಅದೇ ದರ. ಭೂಮಾರ್ಗದಲ್ಲಿ ನಿಧಾನಕ್ಕೆ ಹೋಗುತ್ತದೆ, ಟ್ರ್ಯಾಕಿಂಗೂ ಇದೆ. 20 ಕೆ.ಜಿ. ಪುಸ್ತಕವನ್ನು ಒಂದೇ ಪಾರ್ಸೆಲ್ ಮಾಡುವ ಬದಲು ಐದೈದು ಕೆ.ಜಿ.ಯ ನಾಲ್ಕು ಕಟ್ಟು ಕಟ್ಟಿದರೆ ತೆರಿಗೆ ಬಿಟ್ಟು 400 ರೂಪಾಯಿಯಲ್ಲಿ ನಾಗಮಂಗಲದ ಗ್ರಂಥರಾಶಿ ಗುವಾಹಟಿ ಮುಟ್ಟುತ್ತದೆ. ಲಾರಿಯಲ್ಲಿ ಕೂಡಿಸಿದರೆ ಲಾಭ, ಇಲ್ಲಿ ಒಡೆದರೆ ಲಾಭ. ಎಲ್ಲ ಕಡೆ ಒಂದೇ ಸೂತ್ರ ಹಾಕುವವನು ಕೈ ಸುಟ್ಟುಕೊಳ್ಳುತ್ತಾನೆ.

ಕಟ್ಟುವ ವಿದ್ಯೆ

ಭಾರದ ಸಾಮಾನನ್ನು ಕೆಡಿಸುವುದು ಹೊರಗಿನ ಪೆಟ್ಟಿಗಿಂತ ಹೆಚ್ಚಾಗಿ ಅದರ ಸ್ವಂತ ಭಾರ. ನಾಗಮಂಗಲದಲ್ಲಿ ಎರಕದವರು ಜೇನುಮೇಣದಲ್ಲಿ ಮೂರ್ತಿ ತಿದ್ದಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಕರಗಿಸಿ, ಆ ಖಾಲಿಗೆ ಲೋಹ ಹೊಯ್ಯುತ್ತಾರೆ. ಮಣ್ಣಿನಚ್ಚನ್ನು ಒಡೆದೇ ಮೂರ್ತಿ ತೆಗೆಯಬೇಕಾದ್ದರಿಂದ ಒಂದು ಅಚ್ಚಿಗೆ ಒಂದೇ ಮೂರ್ತಿ. ಕೈಯೊಂದು ಮುರಿದರೆ ಅಂಥದೇ ಇನ್ನೊಂದು ಅಂಗಡಿಯಲ್ಲಿ ಸಿಗುವುದಿಲ್ಲ. ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಇಂಥ ಮೂರ್ತಿಯನ್ನು ಇಟ್ಟರೆ ನೂರು ಕಿಲೋಮೀಟರ್ ಕುಲುಕಾಟದಲ್ಲಿ ಹುಲ್ಲು ಅದುಮಿ, ಮೂರ್ತಿ ತಳ ಸೇರಿ, ಆಮೇಲಿನ ಪ್ರತಿ ಗುಂಡಿಯಲ್ಲೂ ಹಲಗೆಗೆ ಬಡಿಯುತ್ತ ಹೋಗುತ್ತದೆ. ಪ್ರಭಾವಳಿಯನ್ನು ಬಿಚ್ಚಿ ಬೇರೆಯೇ ಸುತ್ತಬೇಕು. ಮೂರ್ತಿಯ ಭಾರವೆಲ್ಲ ಪೀಠದ ಮೇಲೆ ಬೀಳುವಂತೆ, ಪೀಠ ಅಲುಗದಂತೆ ತಳದ ಹಲಗೆಗೆ ರೀಪು ಹೊಡೆಯಬೇಕು. ಸುತ್ತಲೂ ಮಡಿಸಿದ ಗೋಣಿಯನ್ನು ಬಿಗಿಯಾಗಿ ತುರುಕಬೇಕು.

ಗಂಟೆಯದು ಇನ್ನೊಂದು ಕಷ್ಟ. ಒಳ್ಳೆಯ ನಾದ ಬರಲು ತವರ ಹೆಚ್ಚು ಬೆರೆಸಿದ ಕಂಚು ಗಡುಸು. ಗಡುಸಾದದ್ದು ಬಿರುಕು ಬಿಡುವುದೂ ಬೇಗ. ಒಳಗಿನ ನಾಲಗೆ ದಾರಿಯುದ್ದಕ್ಕೂ ಅಂಚಿಗೆ ಹೊಡೆಯುತ್ತ ಹೋದರೆ ಗಂಟೆ ತನ್ನನ್ನು ತಾನೇ ಸೀಳಿಕೊಂಡೀತು. ಆದ್ದರಿಂದ ನಾಲಗೆ ಬಿಚ್ಚಿ, ಹಳೆ ಸೀರೆಯಲ್ಲಿ ಸುತ್ತಿ, ಗಂಟೆಯ ಹೊಟ್ಟೆಯೊಳಗೇ ಒತ್ತಿ ತುಂಬುವುದು. ರುಬ್ಬುಗುಂಡಿಗೆ ಕುತ್ತಿಗೆಯೇ ಬಲಹೀನ ಜಾಗ, ಹಿಡಿಕೆಯ ಮರವನ್ನು ಬಿಡಿಸಿ ಕಳಿಸಬೇಕು. ಬೆಲ್ಲಕ್ಕೆ ಶತ್ರು ಗಾಳಿಯ ಪಸೆ; ಆಷಾಢ, ಶ್ರಾವಣದಲ್ಲಿ ಬರೀ ಗೋಣಿಯಲ್ಲಿ ಕಟ್ಟಿದರೆ ಬೆವರಿ ಪಕ್ಕದ ನಗಕ್ಕೆಲ್ಲ ಅಂಟುತ್ತದೆ. ಒಳಗೆ ದಪ್ಪ ಪ್ಲಾಸ್ಟಿಕ್, ಹೊರಗೆ ಡಬ್ಬಿ. ಆದಷ್ಟೂ ಮಂಡ್ಯದ ಬೆಲ್ಲವನ್ನು ಮಳೆಗಾಲಕ್ಕೆ ಮೊದಲೇ ಕಳಿಸುವುದು ಲೇಸು.

ಎಲ್ಲಕ್ಕಿಂತ ಹೆಚ್ಚಾಗಿ, ಕಟ್ಟಿಗೆ ಹಿಡಿ ಇರಲಿ. ಹಗ್ಗದ ಎರಡು ಕುಣಿಕೆ ಸಾಕು. ಡಬ್ಬಿ ಚಿಕ್ಕದಿದ್ದರೆ ಹಗುರ ಎಂದುಕೊಂಡು ಹಮಾಲಿ ಒಂದೇ ಕೈ ಹಾಕುತ್ತಾನೆ. ಎತ್ತಿದ ಮೇಲೆ ಗೊತ್ತಾಗಿ ಕೈ ಜಾರುತ್ತದೆ. ಅವನ ಕಾಲಿಗೂ ಪೆಟ್ಟು, ನಮ್ಮ ಸಾಮಾನಿಗೂ ಪೆಟ್ಟು. ‘ಗಾಜು, ಜೋಪಾನ’ ಎಂದು ಬರೆಯುವವರು ಬೇಕಾದಷ್ಟು ಜನ. ‘30 ಕೆ.ಜಿ.’ ಎಂದು ನಾಲ್ಕೂ ಮೈಮೇಲೆ ದಪ್ಪಗೆ ಬರೆದರೆ ಅದರ ಹತ್ತರಷ್ಟು ಕೆಲಸ ಮಾಡುತ್ತದೆ, ಅದೂ ಕನ್ನಡ, ಇಂಗ್ಲಿಷ್, ಹೋಗುವ ಊರಿನ ಲಿಪಿ ಮೂರರಲ್ಲೂ.

ಕಳೆದರೆ ಏನು ಗತಿ ಎಂಬುದನ್ನು ಕಟ್ಟುವಾಗಲೇ ಯೋಚಿಸಬೇಕು. ಬೆಲೆ ಘೋಷಿಸದೆ ಕಳಿಸಿದ ಪಾರ್ಸೆಲ್ ಕಳೆದುಹೋದರೆ ರೈಲ್ವೆಯ ಹೊಣೆ ಕೆ.ಜಿ.ಗೆ 50 ರೂಪಾಯಿ, ಬುಕ್ ಮಾಡಿದ ಲಗೇಜಾದರೆ 100. ಬೆಲ್ಲಕ್ಕೆ ಅದು ಹೆಚ್ಚುಕಮ್ಮಿ ಸರಿ ಹೋದೀತು. ಪಂಚಲೋಹಕ್ಕೆ ಮೇಣದ ದುಡ್ಡೂ ಹುಟ್ಟುವುದಿಲ್ಲ. ಬೆಲೆ ಘೋಷಿಸಿ ಅದರ ಮೇಲೆ ಶೇಕಡಾವಾರು ಕಟ್ಟಿದರೆ ಮಾತ್ರ ಆಸರೆ. ಅಂಚೆಯಲ್ಲೂ ವಿಮೆ ಮಾಡಿಸಬಹುದು. ಬೆಲೆಬಾಳುವ ಚಿಕ್ಕ ಪೆಟ್ಟಿಗೆಯನ್ನು ಹೇಗೆ ಸಾಗಿಸಬೇಕೆಂಬುದಕ್ಕೆ ಈ ಜಿಲ್ಲೆಯಲ್ಲಿ ವರ್ಷಕ್ಕೊಮ್ಮೆ ಪಾಠವೇ ನಡೆಯುತ್ತದೆ. ಮೇಲುಕೋಟೆ ಚೆಲುವನಾರಾಯಣಸ್ವಾಮಿಯ ವೈರಮುಡಿ ಕಿರೀಟ ಮಂಡ್ಯದ ಜಿಲ್ಲಾ ಖಜಾನೆಯಲ್ಲಿರುತ್ತದೆ. ಉತ್ಸವದ ದಿನ ಪೆಟ್ಟಿಗೆ ಹೊರಬಿದ್ದು, ಪೊಲೀಸ್ ಕಾವಲಿನಲ್ಲಿ ಹಳ್ಳಿ ಹಳ್ಳಿಯಲ್ಲೂ ನಿಂತು, ಪೂಜೆ ಮಾಡಿಸಿಕೊಂಡು ಮೇಲುಕೋಟೆ ಸೇರುತ್ತದೆ. ರಾಜ ಒಡೆಯರ್ ಕೊಟ್ಟ ರಾಜಮುಡಿಗೂ ಅದೇ ಮರ್ಯಾದೆ. ಯಾವ ಅಧಿಕಾರಿ ಯಾವ ಹೊತ್ತಿಗೆ ಯಾರಿಂದ ಪಡೆದರು, ಯಾರಿಗೆ ಒಪ್ಪಿಸಿದರು ಎಂಬುದಕ್ಕೆಲ್ಲ ರುಜು. ನಮ್ಮ ಗಂಟೆಗೆ ಪೊಲೀಸರು ಬರುವುದಿಲ್ಲ. ಕೊಡುವಾಗೊಂದು ಫೋಟೊ, ಕಟ್ಟುವ ಮುನ್ನ ಒಂದು ಫೋಟೊ, ರಸೀದಿಯಲ್ಲಿ ‘ಕಂಚಿನ ಗಂಟೆ, ಒಂದು ನಗ’ ಎಂಬ ಸ್ಪಷ್ಟ ವಿವರ ಇಷ್ಟಾದರೂ ಬೇಕು. ‘ಮನೆ ಸಾಮಾನು’ ಎಂದು ಬರೆಸಿ ಕಳಿಸಿದ ಮೇಲೆ ಗಂಟೆಯ ಬೆಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಕಡಲಾಚೆಗೆ

ವಿದೇಶದ ಮಾತು ಬಂದರೆ ವಿಮಾನದ ಕೊರಿಯರ್ ಮರೆತುಬಿಡಿ. ಅಮೆರಿಕಕ್ಕೆ ಹೊರಟ ಮಗ, ಸೊಸೆಯ ಟಿಕೆಟ್ಟಿನಲ್ಲಿ ಸಾಮಾನ್ಯವಾಗಿ ತಲಾ 23 ಕೆ.ಜಿ.ಯ ಎರಡು ಪೆಟ್ಟಿಗೆಗೆ ಅವಕಾಶವಿರುತ್ತದೆ. ಗುಂಡು ಹೋಗುವುದಾದರೆ ಅದರಲ್ಲೇ. ಸೂಟ್‌ಕೇಸಿನ ಚಕ್ರದ ಕಡೆಗೆ, ನಡುಮಧ್ಯದಲ್ಲಿ, ಬಟ್ಟೆಯ ನಡುವೆ. ಕೈಚೀಲದಲ್ಲಿಟ್ಟರೆ ತಪಾಸಣೆಯವರು ಕಲ್ಲು, ಕಂಚು ಎರಡನ್ನೂ ಅನುಮಾನದಿಂದ ನೋಡುತ್ತಾರೆ. ಹಡಗಿನಲ್ಲಿ ಪಾಲುಗಾರಿಕೆಯ ಕಂಟೇನರ್‌ಗೆ ಹಾಕಿದರೆ ದರ ನಿಲ್ಲುವುದು ಒಂದು ಘನ ಮೀಟರ್ ಅಥವಾ 1,000 ಕೆ.ಜಿ., ಎರಡರಲ್ಲಿ ಹೆಚ್ಚಿನದರ ಮೇಲೆ. ಕನಿಷ್ಠ ಒಂದು ಘನ ಮೀಟರಿಗೆ ತೆರಲೇಬೇಕೆನ್ನುವವರೇ ಹೆಚ್ಚಾದ್ದರಿಂದ ಒಂದೇ ಗಂಟೆಗೆ ಅದು ನಷ್ಟ. ಗುಡಿಗೆ ಬೇಕಾದ ಮೂರ್ತಿ, ದೀಪದ ಕಂಬ, ಗಂಟೆ ಎಲ್ಲ ಸೇರಿ ಐನೂರು ಕೆ.ಜಿ. ಆಗುವುದಾದರೆ ಅದಕ್ಕಿಂತ ಅಗ್ಗ ಇಲ್ಲ.

ಮೂರ್ತಿ ಹೊಸದೇ ಆಗಿದ್ದರೂ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ‘ಇದು ಪ್ರಾಚೀನ ವಸ್ತುವಲ್ಲ’ ಎಂಬ ಪತ್ರ ಮಾಡಿಸಿಟ್ಟುಕೊಳ್ಳಬೇಕು. 1972ರ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಮೂರ್ತಿ ದೇಶ ಬಿಡುವಂತಿಲ್ಲ. ನಾಗಮಂಗಲದವರು ಹಳೆಯ ಶಿಲ್ಪಶಾಸ್ತ್ರದಂತೆಯೇ ಎರೆಯುವುದರಿಂದ ಕಸ್ಟಮ್ಸಿನವರಿಗೆ ನಿನ್ನೆಯದೂ ಹೊಯ್ಸಳರದಂತೆ ಕಂಡರೆ ಅವರನ್ನು ದೂರುವಂತಿಲ್ಲ. ಅಮೆರಿಕ 800 ಡಾಲರ್ ಒಳಗಿನ ಪಾರ್ಸೆಲ್ಲಿಗಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ತೆಗೆದುಹಾಕಿತು. ಆ ಗೊಂದಲದಲ್ಲಿ ಭಾರತೀಯ ಅಂಚೆ ಅಲ್ಲಿಗೆ ಪಾರ್ಸೆಲ್ ಒಯ್ಯುವುದನ್ನೇ ಕೆಲವು ವಾರ ನಿಲ್ಲಿಸಿ, ಅಕ್ಟೋಬರಿನಲ್ಲಿ ಮತ್ತೆ ಶುರುಮಾಡಿತು. ಕಳಿಸುವ ಮುನ್ನ ಸುಂಕ ಯಾರು ಕಟ್ಟಬೇಕೆಂದು ಕೇಳಿಕೊಳ್ಳುವುದು ಈಗ ಬಾಡಿಗೆ ಕೇಳುವಷ್ಟೇ ಮುಖ್ಯ.

ಅಲ್ಲಿಗೆ ಮುಟ್ಟಿದ ಮೇಲೆ ಒಳಗಿನ ಸಾಗಣೆಗೆ ಮಾತ್ರ ಅಮೆರಿಕದ ಅಂಚೆ ನಮ್ಮ ಲಾರಿ ಆಫೀಸಿನ ನಗದ ಲೆಕ್ಕವನ್ನೇ ಇಟ್ಟುಕೊಂಡಿದೆ. ಅವರ ಫ್ಲಾಟ್ ರೇಟ್ ಡಬ್ಬಿಗಳು ಅಂಚೆ ಕಚೇರಿಯಲ್ಲಿ ಪುಕ್ಕಟೆ ಸಿಗುತ್ತವೆ. ಡಬ್ಬಿಯಲ್ಲಿ ಹಿಡಿಸಿ ಮುಚ್ಚಳ ಮುಚ್ಚಿದರೆ ಸಾಕು, 70 ಪೌಂಡ್, ಅಂದರೆ ಸುಮಾರು 32 ಕೆ.ಜಿ.ವರೆಗೆ, ಕ್ಯಾಲಿಫೋರ್ನಿಯಾದಿಂದ ನ್ಯೂಜೆರ್ಸಿಗೂ ಪಕ್ಕದ ಊರಿಗೂ ಒಂದೇ ದರ. ದೊಡ್ಡ ಡಬ್ಬಿಯೂ ಐದೂವರೆ ಇಂಚು ಎತ್ತರದ್ದಷ್ಟೇ. ನಮ್ಮ ಗಂಟೆ ಅದರಲ್ಲಿ ಹಿಡಿಸುವುದಿಲ್ಲ. ಪೂಜೆಯ ಕೈಗಂಟೆಗಳನ್ನು ಒತ್ತಾಗಿ ಜೋಡಿಸಿದರೆ ಹಿಡಿಸುತ್ತವೆ, ಕುಟ್ಟಾಣಿ ಮಲಗಿಸಿದರೆ ಹಿಡಿಸಬಹುದು, ಉಂಡೆಬೆಲ್ಲವಂತೂ ಧಾರಾಳ.